ಕೂತಿಲ್ಲ ಅನ್ನುವ ಚಿಂತೆ ಬಿಡಿ, ಎಡಗೈ ಕಡೆ ನೋಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ನನಗಿದು ಚೊಚ್ಚಲ ಮಗು, ಗಂಡು. ಈಗ ಎಂಟು ತಿಂಗಳು ತುಂಬಿದೆ. ಮೂವತ್ತೈದು ವಾರಕ್ಕೇ ಹೆರಿಗೆ ಆಯಿತು, ತೂಕ 2.1 ಕೆ.ಜಿ. ಇತ್ತು. ಆರು ದಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕಾಮಾಲೆ ಅಂತ ಎರಡು ದಿನ ನೀಲಿ ಲೈಟಿನ ಕೆಳಗೆ ಮಲಗಿಸಿದ್ದರು. ಆಮೇಲೆ ಎಲ್ಲಾ ಚೆನ್ನಾಗಿದೆ ಅಂತ ಮನೆಗೆ ಕಳಿಸಿದರು. ಈಗ ತೂಕ ಏಳು ಕೆ.ಜಿ. ದಾಟಿದೆ. ನಗ್ತಾನೆ, ಹೆಸರು ಹಿಡಿದು ಕರೆದರೆ ತಿರುಗ್ತಾನೆ, ‘ಬಾ ಬಾ, ದಾ ದಾ’ ಅಂತಾನೆ. ಡಬ್ಬ ಬೀಳ್ತಾನೆ, ಆದರೆ ಯಾವಾಗಲೂ ಒಂದೇ ಬದಿಗೆ. ಇನ್ನೂ ಕೂತಿಲ್ಲ. ಸುತ್ತ ದಿಂಬು ಇಟ್ಟರೆ ಸ್ವಲ್ಪ ಹೊತ್ತು ಕೂರ್ತಾನೆ, ಆಮೇಲೆ ಎಡಕ್ಕೆ ವಾಲ್ತಾನೆ. ನನ್ನ ಓರಗಿತ್ತಿಯ ಮಗಳು ಇವನಿಗಿಂತ ಹತ್ತು ದಿನ ಚಿಕ್ಕವಳು, ಆಗಲೇ ಕೂತು ಅಂಬೆಗಾಲು ಇಡ್ತಾಳೆ. ‘ನೀ ನೆತ್ತಿಗೆ ಎಣ್ಣಿ ಸರಿಯಾಗಿ ಹಾಕಲಿಲ್ಲ, ಅದಕ್ಕ ಸೊಂಟ ಗಟ್ಟಿ ಆಗಿಲ್ಲ’ ಅಂತಾರೆ ನಮ್ಮತ್ತೆ. ಪಕ್ಕದ ಊರಲ್ಲಿ ಬರೆ ಹಾಕುವವರಿದ್ದಾರೆ, ಅಮಾವಾಸ್ಯೆ ದಿನ ಹೋಗೋಣ ಅಂತಲೂ ಹೇಳ್ತಿದ್ದಾರೆ. ನಮ್ಮ ಮನೆಯವರು ವಾಕರ್ ತಂದಿಟ್ಟಿದ್ದಾರೆ. ನಮ್ಮದು ಶಾಕಾಹಾರಿ ಮನೆ. ಬಾಣಂತನದಲ್ಲಿ ಮೂರು ತಿಂಗಳು ನನಗೆ ಹಾಲು, ಮೊಸರು ಕೊಡಲಿಲ್ಲ, ಅದರಿಂದ ಹೀಗಾಯಿತಾ? ಮಗುವಿಗೆ ಎದೆಹಾಲಿನ ಜೊತೆ ಗಂಜಿ, ಬೇಳೆಕಟ್ಟು ಕೊಡ್ತೀನಿ. ಇನ್ನೊಂದು ಮಾತು, ಏನು ಕೊಟ್ಟರೂ ಬಲಗೈಯಲ್ಲೇ ತಗೋತಾನೆ, ಎಡಗೈ ಮುಷ್ಟಿ ಕಟ್ಟಿಕೊಂಡೇ ಇರ್ತಾನೆ. ಅಜ್ಜನ ಹಾಗೆ ಗಟ್ಟಿ ಬಲಗೈ ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ರಾತ್ರಿ ನಿದ್ದೆ ಬರುತ್ತಿಲ್ಲ. ಇವನು ಯಾವಾಗ ಕೂರ್ತಾನೆ? ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯಗಳಿವೆ. ಒಂದನ್ನು ದೊಡ್ಡದು ಅಂದುಕೊಂಡು ವಿವರವಾಗಿ ಬರೆದಿದ್ದೀರಿ. ಇನ್ನೊಂದನ್ನು ಕೊನೆಗೆ, ಮರೆತದ್ದು ನೆನಪಾದಂತೆ ಸೇರಿಸಿದ್ದೀರಿ. ಮಗು ಇನ್ನೂ ಕೂತಿಲ್ಲ ಎಂಬುದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಎಡಗೈ ಮುಷ್ಟಿ ಕಟ್ಟಿಕೊಂಡೇ ಇರುತ್ತದೆ ಎಂಬ ಸಾಲು ಕಾಡಿತು. ಹೆದರಿಸಲು ಈ ಮಾತು ಹೇಳುತ್ತಿಲ್ಲ. ಪತ್ರ ಓದಿ ಯಾರೂ ರೋಗ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಆ ಒಂದು ಸಾಲಿಗಾಗಿ ನೀವು ಈ ವಾರವೇ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಬೇಕು. ಯಾಕೆ ಎಂದು ಬಿಡಿಸಿ ಹೇಳುತ್ತೇನೆ. ಅದಕ್ಕೂ ಮೊದಲು ಕೂರುವ ವಿಷಯ ಮುಗಿಸಿಬಿಡೋಣ, ಮನೆಯಲ್ಲಿ ಜಗಳ ನಡೆದಿರುವುದು ಅದರ ಮೇಲೇ.

ನಿಮ್ಮ ಮಗು ಇನ್ನೂ ಐದು ವಾರ ಹೊಟ್ಟೆಯಲ್ಲಿ ಇರಬೇಕಿತ್ತು. ಆ ಐದು ವಾರದ ಬೆಳವಣಿಗೆಯನ್ನು ಅವನು ಹೊರಗೆ ಬಂದು ಮುಗಿಸಿದ್ದಾನೆ. ಹಾಗಾಗಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕೂರುವುದು, ನಿಲ್ಲುವುದು, ಮಾತಾಡುವುದು ಇವನ್ನೆಲ್ಲ ನಾವು ಹುಟ್ಟಿದ ದಿನದಿಂದ ಎಣಿಸುವುದಿಲ್ಲ, ಹೆರಿಗೆ ಆಗಬೇಕಿದ್ದ ದಿನದಿಂದ ಎಣಿಸುತ್ತೇವೆ. ಎರಡು ವರ್ಷ ತುಂಬುವವರೆಗೂ ಇದೇ ಲೆಕ್ಕ. ಈ ಲೆಕ್ಕದಲ್ಲಿ ನಿಮ್ಮ ಮಗುವಿಗೆ ಈಗ ಹೆಚ್ಚೂಕಡಿಮೆ ಏಳು ತಿಂಗಳು. ಓರಗಿತ್ತಿಯ ಮಗಳು ತಿಂಗಳು ತುಂಬಿ ಹುಟ್ಟಿದವಳಾದರೆ, ಅವಳು ಇವನಿಗಿಂತ ಹತ್ತು ದಿನ ಚಿಕ್ಕವಳಲ್ಲ, ಮೂರು ವಾರಕ್ಕೂ ಹೆಚ್ಚು ದೊಡ್ಡವಳು. ಈ ವಯಸ್ಸಿನಲ್ಲಿ ಮೂರು ವಾರ ಅಂದರೆ ಬಹಳ ದೊಡ್ಡ ಅಂತರ.

ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳು ನೋಡಿ, 2006ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಆ ದೇಶಗಳಲ್ಲಿ ನಮ್ಮ ಭಾರತವೂ ಒಂದು. ಅದರ ಪ್ರಕಾರ ಆಸರೆಯಿಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು. ಒಬ್ಬರೇ ನಡೆಯುವುದು 8.2 ತಿಂಗಳಿಂದ 17.6 ತಿಂಗಳೊಳಗೆ. ಎಷ್ಟು ಅಗಲದ ಅವಧಿ ನೋಡಿ. ‘ಆರಕ್ಕೆ ಕೂರಬೇಕು, ವರ್ಷಕ್ಕೆ ನಡೀಬೇಕು’ ಎಂದು ನಾವು ಹಿಡಿದುಕೊಂಡಿರುವ ಒಂದೊಂದು ತಾರೀಖು ಆ ಅವಧಿಯ ನಡುವಿನ ಒಂದು ಬಿಂದು ಅಷ್ಟೇ. ಅದೇ ಅಧ್ಯಯನದಲ್ಲಿ ಶೇ. 4.3ರಷ್ಟು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಗಂಡು ಮಗು ಅಂದರೆ ತಡ ಎಂಬ ಮಾತಿಗೂ ಅಲ್ಲಿ ಆಧಾರ ಸಿಗಲಿಲ್ಲ. ಗಂಡು-ಹೆಣ್ಣಿನ ನಡುವೆ ಲೆಕ್ಕಕ್ಕೆ ತೆಗೆದುಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಅಂದಮೇಲೆ ಏಳು ತಿಂಗಳ ಲೆಕ್ಕದ ಮಗು ದಿಂಬಿನ ಆಸರೆಯಲ್ಲಿ ಕೂರುತ್ತದೆ ಅಂದರೆ ಅದು ತಡ ಅಲ್ಲ. ತಲೆ ನಿಂತಿದೆ, ಮಗುಚುತ್ತಾನೆ, ತಿರುಗಿ ನೋಡುತ್ತಾನೆ, ಎರಡಕ್ಷರ ಜೋಡಿಸಿ ಸದ್ದು ಮಾಡುತ್ತಾನೆ. ಇವೆಲ್ಲ ಸಂತೋಷದ ಸುದ್ದಿ. ನೆತ್ತಿಗೆ ಎಣ್ಣೆ ಹಾಕದ್ದರಿಂದ ಯಾವ ಮಗುವಿನ ಸೊಂಟವೂ ಮೆತ್ತಗಾಗುವುದಿಲ್ಲ. ನೆತ್ತಿಯಲ್ಲಿ ಮೆತ್ತಗಿರುವುದು ತಲೆಬುರುಡೆಯ ಎಲುಬುಗಳ ನಡುವಿನ ಸಂದು, ಅದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಎಣ್ಣೆ ಹಚ್ಚಿ ಹಗುರವಾಗಿ ಮೈ ತೀಡುವುದು ಒಳ್ಳೆಯದೇ, ಮಗುವಿಗೆ ಹಿತ, ಚೆನ್ನಾಗಿ ನಿದ್ದೆ ಮಾಡುತ್ತದೆ. ಆದರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ಔಡಲ ಎಣ್ಣೆ ಕುಡಿಸುವುದೂ ಬೇಡ.

ಈಗ ಎಡಗೈ ವಿಷಯ.

ಎಡಚ, ಬಲಚ ಎಂಬುದು ಮಕ್ಕಳಲ್ಲಿ ನಿಧಾನವಾಗಿ ತಿಳಿದುಬರುತ್ತದೆ. ಒಂದೂವರೆ, ಎರಡು ವರ್ಷದ ಮೇಲೆ ಅದರ ಸುಳಿವು ಸಿಗುತ್ತದೆ, ಗಟ್ಟಿಯಾಗಿ ನಿಲ್ಲಲು ಇನ್ನೂ ಸಮಯ ಬೇಕು. ಮೊದಲ ವರ್ಷದಲ್ಲಿ ಮಗುವಿಗೆ ಎರಡೂ ಕೈ ಒಂದೇ. ಬಲಗಡೆ ಇಟ್ಟ ಚಮಚವನ್ನು ಬಲಗೈಯಿಂದ, ಎಡಗಡೆ ಇಟ್ಟದ್ದನ್ನು ಎಡಗೈಯಿಂದ ಎತ್ತುತ್ತದೆ, ಆ ಕೈಯಿಂದ ಈ ಕೈಗೆ ಬದಲಿಸುತ್ತದೆ, ಬಾಯಿಗೆ ಹಾಕುತ್ತದೆ. ಏಳೆಂಟು ತಿಂಗಳ ಮಗು ಸದಾ ಒಂದೇ ಕೈ ಚಾಚುತ್ತಿದ್ದರೆ ನಾವು ಆ ಕೈ ಎಷ್ಟು ಚುರುಕು ಎಂದು ನೋಡುವುದಿಲ್ಲ. ಇನ್ನೊಂದು ಕೈ ಯಾಕೆ ಬರುತ್ತಿಲ್ಲ ಎಂದು ನೋಡುತ್ತೇವೆ. ಮುಷ್ಟಿಯದೂ ಅಷ್ಟೇ. ಹುಟ್ಟಿದ ಹೊಸದರಲ್ಲಿ ಎಲ್ಲಾ ಮಕ್ಕಳೂ ಮುಷ್ಟಿ ಬಿಗಿದಿರುತ್ತವೆ, ಮೂರು ನಾಲ್ಕು ತಿಂಗಳ ಹೊತ್ತಿಗೆ ಎರಡೂ ಅಂಗೈ ಬಿಚ್ಚಿಕೊಳ್ಳುತ್ತವೆ. ಒಂದು ಬಿಚ್ಚಿ ಇನ್ನೊಂದು ಹಾಗೇ ಉಳಿದರೆ ಅದಕ್ಕೊಂದು ಕಾರಣ ಇರುತ್ತದೆ. ನಿಮ್ಮ ಪತ್ರದಲ್ಲಿ ಮುಷ್ಟಿಯ ಜೊತೆಗೆ ಎಡಕ್ಕೆ ವಾಲುವುದು, ಒಂದೇ ಬದಿಗೆ ಮಗುಚುವುದೂ ಇವೆ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾರೂ ಗಮನಿಸುವುದಿಲ್ಲ. ಮೂರೂ ಒಟ್ಟಿಗೆ ಇರುವುದರಿಂದ ತೋರಿಸಿ ಎನ್ನುತ್ತಿದ್ದೇನೆ.

ಹೋಗುವ ಮೊದಲು ಮನೆಯಲ್ಲೇ ಕೆಲವನ್ನು ನೋಡಿಕೊಳ್ಳಿ. ಮಗು ಹಸಿದಿರಬಾರದು, ನಿದ್ದೆಗಣ್ಣಲ್ಲಿ ಇರಬಾರದು. ನಿಮ್ಮ ತೊಡೆಯ ಮೇಲೆ ನೇರ ಕೂರಿಸಿಕೊಂಡು, ಎದುರಿಗೆ ಬೇರೆ ಯಾರಾದರೂ ಹೊಳೆಯುವ ಚಮಚವನ್ನೋ ಬಳೆಯನ್ನೋ ಮೊದಲು ನಟ್ಟನಡುವೆ, ಆಮೇಲೆ ಪೂರಾ ಎಡಗಡೆ ಹಿಡಿಯಲಿ. ಎಡಗಡೆ ಇದ್ದದ್ದಕ್ಕೂ ಬಲಗೈಯನ್ನೇ ಎದೆ ದಾಟಿಸಿ ತರುತ್ತಾನಾ? ಒಂದು ದೊಡ್ಡ ಬಟ್ಟಲು ಕೊಟ್ಟರೆ ಎರಡೂ ಕೈ ಸೇರಿಸಿ ಹಿಡಿಯುತ್ತಾನಾ? ಅಂಗಾತ ಮಲಗಿ ಆಡುತ್ತಿರುವಾಗ ತೆಳು ಬಟ್ಟೆಯೊಂದನ್ನು ಮುಖದ ಮೇಲೆ ಒಂದೆರಡು ಕ್ಷಣ ಬಿಡಿ, ಎಳೆದು ಹಾಕುತ್ತಾನೆ. ನೀವು ಪಕ್ಕದಲ್ಲೇ ಇದ್ದು, ಅವನು ಎಳೆಯದಿದ್ದರೆ ಕೂಡಲೇ ತೆಗೆಯಿರಿ. ಇನ್ನೊಂದು ಸಲ ಅವನ ಬಲಗೈಯನ್ನು ಮೆಲ್ಲಗೆ ಹಿಡಿದುಕೊಂಡು ನೋಡಿ, ಎಡಗೈ ಬರುತ್ತದಾ ಎಂದು. ತಾಯಂದಿರಿಗೆ ಮಾತ್ರ ಗೊತ್ತಾಗುವ ಸೂಕ್ಷ್ಮಗಳೂ ಇವೆ. ಅಂಗಿ ತೊಡಿಸುವಾಗ ಎಡ ತೋಳು ಬಿಗಿ ಹಿಡಿಯುತ್ತದಾ, ಎರೆಯುವಾಗ ಎಡ ಅಂಗೈ ಬಿಡಿಸಲು ಕಷ್ಟವಾಗಿ ಅಲ್ಲಿ ಬೆವರು, ಜಿಡ್ಡು ನಿಂತಿರುತ್ತದಾ, ಲಂಗೋಟಿ ಕಟ್ಟುವಾಗ ಎರಡೂ ಕಾಲು ಒಂದೇ ಸಮ ಒದೆಯುತ್ತವಾ. ಇದನ್ನೆಲ್ಲ ಯಾವ ವೈದ್ಯರೂ ಹತ್ತು ನಿಮಿಷದಲ್ಲಿ ಕಂಡುಹಿಡಿಯುವುದು ಕಷ್ಟ. ನೀವು ಹೇಳಿದರೆ ಅವರ ಅರ್ಧ ಕೆಲಸ ಆದಂತೆ.

ಇದೆಲ್ಲ ನೋಡಿ ಎರಡೂ ಕೈ ಸಮಸಮ ಬರುತ್ತಿವೆ ಅನ್ನಿಸಿದರೂ ಒಮ್ಮೆ ತೋರಿಸಿಯೇ ಬನ್ನಿ. ಅವಧಿಗೆ ಮುಂಚೆ ಹುಟ್ಟಿ, ಪೆಟ್ಟಿಗೆಯಲ್ಲಿ ಇದ್ದು ಬಂದ ಮಗುವಿಗೆ ಈ ವಯಸ್ಸಿನಲ್ಲಿ ಒಂದು ತಪಾಸಣೆ ಹೇಗೂ ಬೇಕು.

ಕಾರಣ ಏನಿರಬಹುದು? ಸಣ್ಣದರಿಂದ ಶುರುಮಾಡುತ್ತೇನೆ. ನೀವು ಸದಾ ಬಲ ಸೊಂಟದ ಮೇಲೆ ಎತ್ತಿಕೊಳ್ಳುವವರಾದರೆ ಮಗುವಿನ ಎಡಗೈ ನಿಮ್ಮ ಬೆನ್ನ ಹಿಂದಕ್ಕೆ ಸಿಕ್ಕಿರುತ್ತದೆ, ಬಲಗೈ ಮಾತ್ರ ಆಟಕ್ಕೆ ಸಿಗುತ್ತದೆ. ಇದರಿಂದ ಸ್ವಲ್ಪ ರೂಢಿ ಬೀಳಬಹುದು, ಆದರೆ ಮುಷ್ಟಿ ಬಿಗಿಯುವುದಿಲ್ಲ. ಹೆರಿಗೆಯಲ್ಲಿ ಭುಜದ ನರ ಜಗ್ಗಿದ್ದರೂ ಒಂದು ಕೈ ಹಿಂದೆ ಬೀಳುತ್ತದೆ. ಅದು ಹೆಚ್ಚಾಗಿ ತೂಕದ ಮಕ್ಕಳಲ್ಲಿ ಆಗುವುದು, ಹುಟ್ಟಿದ ದಿನವೇ ಕೈ ಜೋತುಬಿದ್ದದ್ದು ಕಾಣುತ್ತದೆ. ಕೈಯೋ ಕೊರಳೆಲುಬೋ ನೋವಾಗಿದ್ದರೆ ಮುಟ್ಟಿದರೆ ಅಳುತ್ತದೆ. ಇವುಗಳಿಗಿಂತ ನಾವು ಮುಖ್ಯವಾಗಿ ಹುಡುಕುವುದು ಮೆದುಳಿನ ಒಂದು ಬದಿಗೆ ಆದ ಹಳೆಯ ಪೆಟ್ಟನ್ನು. ಎಡಗೈ, ಎಡಗಾಲನ್ನು ಆಡಿಸುವುದು ಮೆದುಳಿನ ಬಲಭಾಗ. ಹೆರಿಗೆಗೆ ಸ್ವಲ್ಪ ಮುಂಚೆಯೋ ಆಮೇಲೋ ಅಲ್ಲಿ ರಕ್ತ ಹರಿಯುವುದು ನಿಂತರೆ, ಇಲ್ಲವೇ ದಿನ ತುಂಬದ ಮಕ್ಕಳಲ್ಲಿ ಮೆದುಳಿನ ಒಳಗೆ ಎಳೆಯ ರಕ್ತನಾಳ ಒಡೆದು ರಕ್ತ ಜಿನುಗಿದರೆ ಎದುರು ಬದಿಯ ಕೈಕಾಲಿನಲ್ಲಿ ಬಿಗಿ ಬರುತ್ತದೆ.

‘ಹಾಗಿದ್ದರೆ ಆಸ್ಪತ್ರೆಯವರು ಎಲ್ಲಾ ಚೆನ್ನಾಗಿದೆ ಅಂದರಲ್ಲ’ ಎಂದು ನಿಮಗೆ ಅನ್ನಿಸಬಹುದು. ಆ ದಿನದ ಮಟ್ಟಿಗೆ ಅದು ಸರಿಯೇ ಇದ್ದಿರಬಹುದು. ಮೊದಲ ಎರಡು ಮೂರು ತಿಂಗಳು ಮಗುವಿನ ಕೈಕಾಲು ಬೇಕು ಅಂತ ಆಡುವುದಿಲ್ಲ, ತಾನಾಗಿ ಆಡುತ್ತಿರುತ್ತವೆ. ನಾಲ್ಕೈದು ತಿಂಗಳಿಗೆ ಮಗು ಬೇಕೆಂದೇ ಕೈ ಚಾಚಲು ಶುರುಮಾಡಿದಾಗ ಈ ವ್ಯತ್ಯಾಸ ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿದ್ದು ನೀವು. ಅಜ್ಜನ ಬಲಗೈ ಎಂದು ಮನೆಯವರೆಲ್ಲ ಖುಷಿಪಡುತ್ತಿದ್ದರೂ ನೀವು ಪತ್ರದಲ್ಲಿ ಬರೆದಿರಿ, ಒಳ್ಳೆಯ ಕೆಲಸ ಮಾಡಿದಿರಿ.

ಇದು ನಿಮ್ಮ ತಪ್ಪಿನಿಂದ ಆದದ್ದಲ್ಲ. ಬಸುರಿಯಾಗಿದ್ದಾಗ ನೀವು ತಿಂದದ್ದು, ಗ್ರಹಣದಲ್ಲಿ ಹೊರಗೆ ಬಂದದ್ದು, ಮೆಟ್ಟಿಲು ಹತ್ತಿದ್ದು, ಯಾವುದೂ ಇದಕ್ಕೆ ಕಾರಣ ಅಲ್ಲ. ಬಾಣಂತನದ ಪಥ್ಯದ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಶಾಕಾಹಾರಿಗಳಿಗೆ ಬಿ12 ಜೀವಸತ್ವ ಸಿಗುವುದೇ ಹಾಲು, ಮೊಸರು, ಮಜ್ಜಿಗೆಯಿಂದ. ಬಾಣಂತಿಗೆ ಅದನ್ನು ನಿಲ್ಲಿಸಿದರೆ ಎದೆಹಾಲಿನಲ್ಲೂ ಕಡಿಮೆಯಾಗುತ್ತದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಈ ಪಥ್ಯ ಇನ್ನೂ ಬಿಗಿಯಾಗಿದೆ. ಅದರಿಂದ ಬಳಲಿದ ಮಕ್ಕಳನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಆ ಮಕ್ಕಳು ಮೊದಲು ನಗುತ್ತಿದ್ದವು ನಗುವುದನ್ನೇ ಬಿಡುತ್ತವೆ, ಕಲಿತದ್ದನ್ನು ಮರೆಯುತ್ತವೆ, ಕೈಕಾಲು ನಡುಗುತ್ತವೆ, ಕೂದಲು ಕೆಂಚಗೆ ವಿರಳವಾಗುತ್ತದೆ, ಬೆರಳ ಗಿಣ್ಣು ಕಪ್ಪಾಗುತ್ತವೆ. ಆದರೆ ಅದು ಇಡೀ ಮೈಗೆ ಬರುವ ಸೋಲು, ಒಂದು ಕೈಯನ್ನು ಹಿಡಿದು ಬರುವುದಿಲ್ಲ. ನಿಮ್ಮ ಮಗುವಿನ ಎಡಗೈಗೂ ಆ ಮೂರು ತಿಂಗಳಿಗೂ ಸಂಬಂಧ ಇಲ್ಲ. ಆದರೂ ಇಂದಿನಿಂದಲೇ ನೀವು ಹಾಲು, ಮೊಸರು ತಿನ್ನಿ. ಮಗುವಿಗೂ ನಿಮಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಮುಂದಿನ ದಾರಿಗಳ ಬಗ್ಗೆ. ನಿಮ್ಮ ಮುಂದೆ ಈಗ ನಾಲ್ಕೈದು ದಾರಿ ಇವೆ, ಕೆಲವನ್ನು ಮನೆಯವರು ತೋರಿಸಿದ್ದಾರೆ.

ಬರೆ ಹಾಕಿಸುವುದು ಬೇಡವೇ ಬೇಡ. ಈ ಒಂದರಲ್ಲಿ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಕಾಯಿಸಿದ ಬಳೆಚೂರು, ಅರಿಶಿನ ಕೊಂಬು, ಊದಿನಕಡ್ಡಿ, ಯಾವುದರಿಂದ ಸುಟ್ಟರೂ ಎಳೆ ಮಗುವಿನ ಚರ್ಮ ಆಳಕ್ಕೆ ಬೇಯುತ್ತದೆ, ಕೀವು ರಕ್ತಕ್ಕೆ ಸೇರುತ್ತದೆ. ಹೊಟ್ಟೆ ಮೇಲೆ, ಬೆನ್ನ ಮೇಲೆ ಬರೆಯ ಕಲೆ ಇರುವ ಮಕ್ಕಳು ನಮ್ಮ ಹೊರರೋಗಿ ವಿಭಾಗಕ್ಕೆ ಇಂದಿಗೂ ಬರುತ್ತಿವೆ. ಹೀಗೆ ಸುಟ್ಟು ಮಕ್ಕಳು ತೀರಿಕೊಂಡದ್ದೂ ಇದೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ಇದು ಮಗುವಿನ ಮೇಲಿನ ಕ್ರೌರ್ಯ, ಶಿಕ್ಷೆ ಇದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಪಕ್ಕದ ಕಲಬುರಗಿಯ ಹತ್ತಿರ ಅಂಗವಿಕಲ ಮಕ್ಕಳನ್ನು ಕೊರಳವರೆಗೆ ಮಣ್ಣಲ್ಲಿ ಹೂತಿಟ್ಟಿದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಆ ತಂದೆ-ತಾಯಂದಿರು ಮಕ್ಕಳ ಮೇಲೆ ಪ್ರೀತಿ ಇಲ್ಲದವರಲ್ಲ. ಸರಿಯಾದ ವಯಸ್ಸಿನಲ್ಲಿ ಸರಿಯಾದ ಚಿಕಿತ್ಸೆ ಅವರ ಮನೆ ಬಾಗಿಲಿಗೆ ಬರಲಿಲ್ಲ. ಆ ನೋವು ನನಗೆ ಇನ್ನೂ ಇದೆ, ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾಟಿ ತೀಡುವವರ ಹತ್ತಿರ ಹೋಗುವುದು ಇನ್ನೊಂದು ದಾರಿ. ಬಿಗಿಯಾದ ಕೈಯನ್ನು ಜೋರಾಗಿ ಎಳೆದರೆ ಎಳೆಯ ಎಲುಬು ಮುರಿಯುತ್ತದೆ. ಬಿಗಿ ಇರುವುದು ಮೆದುಳಿನ ಸೂಚನೆಯಿಂದ, ಕೀಲು ಜಾರಿದ್ದರಿಂದ ಅಲ್ಲ. ಎಳೆದಷ್ಟೂ ಅದು ಇನ್ನೂ ಬಿಗಿಯುತ್ತದೆ.

‘ವರ್ಷ ಆಗಲಿ, ಆಮೇಲೆ ನೋಡೋಣ’ ಎಂದು ಕಾಯುವುದು ಮೂರನೆಯದು. ಇದೇ ಹೆಚ್ಚು ಜನ ಹಿಡಿಯುವ ದಾರಿ, ಕೆಲವೊಮ್ಮೆ ವೈದ್ಯರೂ ಹೇಳುತ್ತಾರೆ. ಕೂರುವುದಕ್ಕಾಗಿ ಮಾತ್ರ ಆಗಿದ್ದರೆ ನಾನೂ ಇನ್ನೊಂದೆರಡು ತಿಂಗಳು ಕಾಯಿರಿ ಎನ್ನುತ್ತಿದ್ದೆ. ಒಂದು ಕೈ ಹಿಂದೆ ಬಿದ್ದಾಗ ಕಾಯುವುದು ನಷ್ಟ. ನೀವು ಕಾಲುವೆ ಕೆಳಗಿನ ಊರಿನವರು, ಬೇಗ ಅರ್ಥವಾಗುತ್ತದೆ. ನೀರು ಹರಿಯದ ಹಂಚುಗಾಲುವೆಯಲ್ಲಿ ಹೂಳು, ಜೊಂಡು ತುಂಬಿಕೊಳ್ಳುತ್ತದೆ, ಆಮೇಲೆ ತುಂಗಭದ್ರೆಯಿಂದ ಎಷ್ಟು ನೀರು ಬಿಟ್ಟರೂ ಕೊನೆಯಂಚಿನ ಹೊಲಕ್ಕೆ ತಲುಪುವುದಿಲ್ಲ. ಮೆದುಳಿನಿಂದ ಕೈಗೆ ಹೋಗುವ ದಾರಿಯೂ ಬಳಸಿದರೆ ಅಗಲವಾಗುತ್ತದೆ, ಬಳಸದಿದ್ದರೆ ಸೊರಗುತ್ತದೆ. ಮೊದಲ ಎರಡು ವರ್ಷ, ಅದರಲ್ಲೂ ಮೊದಲ ವರ್ಷ, ಆ ದಾರಿ ಮಾಡಿಕೊಡಲು ಮೆದುಳು ಬಹಳ ಸಿದ್ಧವಿರುತ್ತದೆ. ಹಿಂದೆಲ್ಲ ಎರಡು ವರ್ಷದವರೆಗೆ ಕಾದು ಈ ತೊಂದರೆಗೆ ಹೆಸರಿಡುತ್ತಿದ್ದರು. ಈಗ ಮಗುವಿನ ಕೈಕಾಲಿನ ಬಿಗಿ, ಕಣ್ಣು, ಚಲನೆ ಎಲ್ಲವನ್ನೂ ಅಂಕ ಹಾಕಿ ನೋಡುವ ಪರೀಕ್ಷೆಗಳಿವೆ. ಆರೇಳು ತಿಂಗಳಿಗೇ ಸಾಕಷ್ಟು ಖಚಿತವಾಗಿ ಹೇಳಬಹುದು.

ಹಾಗಾದರೆ ಎಲ್ಲಿಗೆ ಹೋಗಬೇಕು? ಮೊದಲು ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರನ್ನು ನೋಡಿ, ಇಲ್ಲವೇ ನಿಮಗೆ ಪರಿಚಯದ ಮಕ್ಕಳ ಡಾಕ್ಟರನ್ನು. ಅಲ್ಲಿಂದ ರಾಯಚೂರಿಗೆ ಬರೆದುಕೊಡಲು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳ ಬೆಳವಣಿಗೆ ತಡವಾದರೆ ನೋಡುವ ಕೇಂದ್ರಗಳಿವೆ. ಡಿಇಐಸಿ ಎಂದರೆ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಕಿವಿ-ಮಾತು ನೋಡುವವರು ಒಂದೇ ಕಡೆ ಸಿಗಲಿ ಎಂದೇ ಇವನ್ನು ಮಾಡಿದ್ದು, ದುಡ್ಡು ಕಟ್ಟಬೇಕಿಲ್ಲ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನಲ್ಲಿ ಮಕ್ಕಳ ವಿಭಾಗವೂ ಇದೆ. ಮಾನ್ವಿ ಮೇಲೆ ಎಂಬತ್ತು ಕಿಲೋಮೀಟರ್‌ಗೂ ಹೆಚ್ಚು ದಾರಿ, ಎಳೆ ಮಗು ಎತ್ತಿಕೊಂಡು ಹೋಗಿಬರುವುದು ಸುಲಭವಲ್ಲ ಎಂದು ಬಲ್ಲೆ. ಅದಕ್ಕೇ ಮೊದಲ ಭೇಟಿಯಲ್ಲೇ ಹೇಳಿಬಿಡಿ: ‘ನಾವು ದೂರದವರು, ವಾರವಾರ ಬರಲಾಗುವುದಿಲ್ಲ, ಮನೆಯಲ್ಲಿ ಮಾಡುವುದನ್ನು ಕಲಿಸಿಕೊಡಿ.’ ಈ ಚಿಕಿತ್ಸೆಯಲ್ಲಿ ಮುಖ್ಯ ಪಾಲು ಮನೆಯದ್ದೇ. ತಿಂಗಳಿಗೊಮ್ಮೆ ಹೋಗಿ, ದಿನಾ ಮನೆಯಲ್ಲಿ ಮಾಡುವ ತಾಯಿಯ ಮಗು, ವಾರಕ್ಕೆ ಮೂರು ಸಲ ಕ್ಲಿನಿಕ್ಕಿಗೆ ಹೋಗಿ ಮನೆಯಲ್ಲಿ ಏನೂ ಮಾಡದ ಮಗುವಿಗಿಂತ ಚೆನ್ನಾಗಿ ಮುಂದೆ ಬರುವುದನ್ನು ಕಂಡಿದ್ದೇನೆ.

ಅವರು ಸ್ಕ್ಯಾನ್ ಬೇಕು ಎನ್ನಬಹುದು. ನೆತ್ತಿ ಇನ್ನೂ ತೆರೆದಿದ್ದರೆ ಅದರ ಮೂಲಕ ಅಲ್ಟ್ರಾಸೌಂಡ್ ಮಾಡಬಹುದು, ನೋವಿಲ್ಲ, ಸೂಜಿ ಇಲ್ಲ. ಆದರೆ ಎಲ್ಲವೂ ಅದರಲ್ಲಿ ಕಾಣುವುದಿಲ್ಲ. ಎಂಆರ್‌ಐ ಸ್ಪಷ್ಟ, ಆದರೆ ಮಗು ಅಲುಗಾಡದಂತೆ ನಿದ್ದೆ ಬರಿಸಬೇಕು, ಅದನ್ನು ನೋಡಿಕೊಳ್ಳುವವರು ಇರುವ ಕಡೆಯೇ ಮಾಡಿಸಬೇಕು. ಸ್ಕ್ಯಾನ್ ತಡವಾಗುತ್ತದೆ ಎಂದು ವ್ಯಾಯಾಮ ಶುರುಮಾಡುವುದನ್ನು ತಡಮಾಡಬೇಡಿ, ಎರಡೂ ಜೊತೆಯಲ್ಲೇ ನಡೆಯಲಿ. ಕಾಮಾಲೆಗೆ ಲೈಟ್ ಕೊಟ್ಟ ಮಗುವಾದ್ದರಿಂದ ಕಿವಿ ಪರೀಕ್ಷೆ ಆಗಿದೆಯಾ ಎಂದೂ ಕೇಳಿ. ಕರೆದರೆ ತಿರುಗುತ್ತಾನೆ ಎಂಬುದು ಒಳ್ಳೆಯ ಲಕ್ಷಣ, ಆದರೆ ಅದು ಯಂತ್ರದ ಪರೀಕ್ಷೆಗೆ ಬದಲಿ ಅಲ್ಲ.

‘ಮೆದುಳಿನ ಟಾನಿಕ್’ ಎಂದು ತಿಂಗಳುಗಟ್ಟಲೆ ಕುಡಿಸುವ ಸಿರಪ್‌ಗಳಿಂದ ಕೈ ಬರುವುದಿಲ್ಲ. ಯಾರಾದರೂ ಸ್ಟೆಮ್ ಸೆಲ್ ಇಂಜೆಕ್ಷನ್ ಎಂದರೆ ಎದ್ದು ಬನ್ನಿ. ನಮ್ಮ ದೇಶದ ಮಾರ್ಗಸೂಚಿಯ ಪ್ರಕಾರ ಇಂಥ ತೊಂದರೆಗೆ ಅದನ್ನು ದುಡ್ಡು ತೆಗೆದುಕೊಂಡು ಚಿಕಿತ್ಸೆಯಾಗಿ ಕೊಡುವಂತಿಲ್ಲ. ಇದಕ್ಕಾಗಿ ಹೊಲ ಅಡವಿಟ್ಟವರನ್ನು ನೋಡಿದ್ದೇನೆ.

ಎಡಗೈಯಲ್ಲಿ ನಿಜಕ್ಕೂ ಬಿಗಿ ಇದೆ ಎಂದಾದರೆ ಅವರು ಏನು ಮಾಡಿಸುತ್ತಾರೆ? ದಿನಕ್ಕೆ ಸ್ವಲ್ಪ ಹೊತ್ತು ಬಲಗೈಗೆ ಮೆತ್ತನೆ ಕಾಲುಚೀಲ ಹಾಕಿ, ಎಡಗೈ ಮುಂದೆ ಆಟದ ಸಾಮಾನು ಇಡುತ್ತಾರೆ. ಬೇಕು ಅನ್ನಿಸಿದಾಗ ಮಗು ಎಡಗೈಯನ್ನು ತರಲೇಬೇಕಾಗುತ್ತದೆ. ಕೇಳಲು ಸುಲಭ, ಆದರೆ ಎಷ್ಟು ಹೊತ್ತು, ಯಾವ ಆಟ ಎಂಬುದನ್ನು ನೋಡಿದವರೇ ಹೇಳಬೇಕು. ನೀವಾಗಿಯೇ ದಿನವಿಡೀ ಬಲಗೈ ಕಟ್ಟಬೇಡಿ, ಮಗು ರೋಸಿಹೋಗುತ್ತದೆ, ಚೆನ್ನಾಗಿರುವ ಕೈಯ ಕಲಿಕೆಯೂ ನಿಲ್ಲುತ್ತದೆ. ಒಂದು ಬದಿಯ ಬಿಗಿ ಮಾತ್ರ ಇರುವ ಮಕ್ಕಳು ಸ್ವಲ್ಪ ತಡವಾದರೂ ಬಹುತೇಕ ಎಲ್ಲರೂ ನಡೆಯುತ್ತಾರೆ. ಶಾಲೆಗೆ ಹೋಗುತ್ತಾರೆ. ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು ಬಹಳಷ್ಟಿದೆ. ಜೋಳಿಗೆಯಲ್ಲಿ ಇರುವ ಹೊತ್ತು ಕಡಿಮೆ ಮಾಡಿ. ಜೋಳಿಗೆ ನಿದ್ದೆಗೆ ಸರಿ, ಎಚ್ಚರವಿದ್ದಾಗ ನೆಲದ ಮೇಲೆ ಕೌದಿ ಹಾಸಿ ಬಿಡಿ. ಡಬ್ಬ ಮಲಗಿಸಿ ಎದೆ ಕೆಳಗೆ ಸುತ್ತಿದ ಟವೆಲ್ ಕೊಟ್ಟರೆ ಎರಡೂ ಕೈ ಮುಂದೆ ಬರುತ್ತವೆ, ಬೆನ್ನು, ಸೊಂಟ ಎರಡಕ್ಕೂ ಅದೇ ವ್ಯಾಯಾಮ. ನೀವು ಎಡಗಡೆ ಕೂತು ಮಾತಾಡಿಸಿ. ಎತ್ತಿಕೊಳ್ಳುವ ಸೊಂಟ ಬದಲಿಸುತ್ತಿರಿ. ಉಣಿಸುವಾಗ ಅವನ ಎಡಗೈಗೂ ಒಂದು ಚಮಚ ಕೊಡಿ. ಮುಷ್ಟಿ ಬಿಡಿಸುವಾಗ ಬೆರಳನ್ನು ಎಳೆಯಬೇಡಿ. ಮುಂಗೈಯನ್ನು ಹಗುರವಾಗಿ ನೇವರಿಸಿದರೆ ಬೆರಳು ತಾವಾಗಿ ಸಡಿಲುತ್ತವೆ. ಈ ನೇವರಿಕೆಯನ್ನು ನಿಮ್ಮ ಅತ್ತೆಯವರಿಗೆ ಒಪ್ಪಿಸಿ. ‘ಎಣ್ಣೆ ಹಚ್ಚುವ ಕೈ ನಿಮ್ಮದು ಅತ್ತೆ, ಡಾಕ್ಟರು ದಿನಾ ಎಡ ಅಂಗೈ ನೇವರಿಸಲು ಹೇಳಿದ್ದಾರೆ’ ಎನ್ನಿ. ಮೊಮ್ಮಗ ಕೂರಲಿ ಎಂಬ ಆತಂಕ ಅವರದೂ ನಿಜವೇ. ಅದಕ್ಕೊಂದು ಕೆಲಸ ಸಿಕ್ಕರೆ ಅಮಾವಾಸ್ಯೆಯ ಮಾತು ಹಿಂದೆ ಸರಿಯುತ್ತದೆ. ಹಟ ಹಿಡಿದರೆ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ, ಅವರ ಎದುರಿಗೇ ವೈದ್ಯರನ್ನು ಕೇಳಿ.

ವಾಕರ್ ಬೇಡ. ಅದು ನಡಿಗೆ ಕಲಿಸುವುದಿಲ್ಲ, ತಡಮಾಡುತ್ತದೆ, ಮಗು ತುದಿಗಾಲಲ್ಲಿ ತಳ್ಳುವುದನ್ನು ಕಲಿಯುತ್ತದೆ. ಕಾಲಲ್ಲೂ ಬಿಗಿ ಇರುವ ಅನುಮಾನ ಇರುವಾಗ ಅದು ಇನ್ನೂ ಕೆಟ್ಟದ್ದು. ಮೆಟ್ಟಿಲು, ಒಲೆ, ಕುದಿಯುವ ಸಾರಿನ ಪಾತ್ರೆ ಎಲ್ಲದರ ಹತ್ತಿರಕ್ಕೂ ಕ್ಷಣದಲ್ಲಿ ಹೋಗಿಬಿಡುತ್ತದೆ. ಕೆನಡಾ ದೇಶದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ.

ಊಟ ಗಟ್ಟಿಯಾಗಬೇಕು. ಗಂಜಿನೀರು, ಬೇಳೆಕಟ್ಟಿನಲ್ಲಿ ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ. ಬೇಳೆಯನ್ನೇ ನುರಿದು ಅನ್ನದ ಜೊತೆ ಕಲಸಿ, ತುಪ್ಪ ಹಾಕಿ, ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ ಮಾಡಿ. ಜೋಳದ ನುಚ್ಚು, ರಾಗಿ ಸರಿ, ಬೇಯಿಸಿದ ಗಜ್ಜರಿ, ಬಾಳೆಹಣ್ಣು, ಮೊಸರು ಎಲ್ಲಾ ಆಗುತ್ತದೆ. ಜೇನುತುಪ್ಪ ಮಾತ್ರ ವರ್ಷ ತುಂಬುವವರೆಗೆ ನೆಕ್ಕಿಸಬೇಡಿ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಕಬ್ಬಿಣಾಂಶದ ಹನಿ ಮೊದಲ ತಿಂಗಳುಗಳಲ್ಲೇ ಬೇಕಿತ್ತು, ಕೊಟ್ಟಿದ್ದಾರಾ ಎಂದು ಕೇಳಿ. ವಿಟಮಿನ್ ಡಿ ದಿನಕ್ಕೆ 400 ಯೂನಿಟ್, ವರ್ಷ ತುಂಬುವವರೆಗೆ.

ಇನ್ನೊಂದನ್ನು ಗಮನವಿಟ್ಟು ನೋಡಿ. ನಿದ್ದೆಯಿಂದ ಏಳುವಾಗ ಮಗು ತಲೆ ಬಗ್ಗಿಸಿ, ಎರಡೂ ಕೈ ಚಾಚಿ, ಬೆಚ್ಚಿದ ಹಾಗೆ ಮಾಡುವುದು, ಹಾಗೆ ಸಾಲು ಸಾಲಾಗಿ ಹಲವು ಸಲ ಆಗುವುದು ಕಂಡರೆ ಅದು ಹೊಟ್ಟೆನೋವೂ ಅಲ್ಲ, ದೃಷ್ಟಿಯೂ ಅಲ್ಲ, ಒಂದು ಬಗೆಯ ಫಿಟ್ಸ್. ಒಂದು ಕೈ ಮಾತ್ರ ಅದುರುವುದು, ಕಣ್ಣು ಒಂದು ಕಡೆ ನಿಲ್ಲುವುದು, ಕಲಿತದ್ದನ್ನು ಬಿಡುವುದು, ಇವೂ ಹಾಗೇ. ಆಗ ವಾರ ಕಾಯಬೇಡಿ, ಅದೇ ದಿನ ಹೊರಡಿ, ರಾಯಚೂರಾಗಲಿ, ಸಿರುಗುಪ್ಪ ಮೇಲೆ ಬಳ್ಳಾರಿಯಾಗಲಿ, ಬೇಗ ತಲುಪುವ ಕಡೆಗೆ.

ನಿಮಗೆ ರಾತ್ರಿ ನಿದ್ದೆ ಬರುತ್ತಿಲ್ಲ ಎಂದಿರಿ. ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಹಗಲೆಲ್ಲ ಅಳು ಬರುತ್ತಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದನ್ನೂ ಅದೇ ವೈದ್ಯರ ಮುಂದೆ ಹೇಳಿ. ಹೆರಿಗೆಯಾದ ವರ್ಷದಲ್ಲಿ ಇದು ಬರುವುದುಂಟು, ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.

ಹೋಗುವ ದಿನ ತಾಯಿ ಕಾರ್ಡ್, ಪೆಟ್ಟಿಗೆಯಲ್ಲಿ ಇಟ್ಟಿದ್ದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಕಾಮಾಲೆಯ ರಕ್ತ ಪರೀಕ್ಷೆಯ ವರದಿ ಇದ್ದರೆ ಅದು, ಇಷ್ಟು ಚೀಲದಲ್ಲಿ ಇರಲಿ. ಮಗು ಆಡುವಾಗ, ಮಗುಚುವಾಗ, ಕೂರಿಸಿದಾಗ ಮೊಬೈಲಿನಲ್ಲಿ ಮೂರು ಸಣ್ಣ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯಲ್ಲಿ ಮಕ್ಕಳು ಅಳುತ್ತಾ ಇರುತ್ತವೆ, ಏನೂ ತೋರಿಸುವುದಿಲ್ಲ. ಮುಂದಿನ ತಿಂಗಳು ಒಂಬತ್ತು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ, ನಮ್ಮ ಜಿಲ್ಲೆಗಳಲ್ಲಿ ಅದರ ಜೊತೆ ಮೆದುಳು ಜ್ವರದ ಲಸಿಕೆ, ವಿಟಮಿನ್ ಎ ಹನಿ ಇರುತ್ತವೆ. ಲಸಿಕೆಗೆ ಮಾತ್ರ ಆ ಐದು ವಾರ ಕಳೆಯಬೇಡಿ, ಹುಟ್ಟಿದ ತಾರೀಖಿನಿಂದಲೇ ಎಣಿಸಿ ಹಾಕಿಸಿ.